ಜಿಡ್ಡು ಯಾರದು?

ಕಳೆದ ವರ್ಷ ರಾಜ್ಯೋತ್ಸವದ ಮರುವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಸಂಘದ ಬಂಧುಗಳಲ್ಲಿ ಮೊದಲು ಕ್ಷಮೆ ಕೇಳಿಬಿಡುತ್ತೇವೆ. ಅಂದು ಕೋಸಂಬರಿ ಎರಡನೆಯ ಸಲ ಪಂಕ್ತಿಗೆ ಬರಲಿಲ್ಲವೆಂದು ನಿಮ್ಮಲ್ಲಿ ಕೆಲವರು ತಮಾಷೆ ಮಾಡಿದಿರಿ. ಬಾರದಿದ್ದುದಕ್ಕೆ ಕಾರಣವಿತ್ತು. ಅಂಬೊಡೆ ಕರಿಯುತ್ತಿದ್ದ ಒಲೆಯ ಮೇಲಿನ ಚಿಮಣಿಯ ಅಂಚಿನಲ್ಲಿ ಕಂದುಬಣ್ಣದ ಹನಿಯೊಂದು ಎಷ್ಟು ದಿನಗಳಿಂದ ತೂಗುತ್ತಿತ್ತೋ ಏನೋ, ಅಂದಿನ ಕಾವಿಗೆ ಕರಗಿ, ಒಗ್ಗರಣೆ ಹಾಕಲೆಂದು ಒಲೆಯ ಬಳಿ ತಂದಿಟ್ಟಿದ್ದ ಕೋಸಂಬರಿಯ ಪಾತ್ರೆಗೆ ಟಪ್ಪೆಂದು ಬಿತ್ತು. ಹೊರಗೆ ೧೪ ಎಲೆ ಹಾಕಿಯಾಗಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಲಿನ ಮೂರು ಸೌಟು ತೆಗೆದು ಚೆಲ್ಲಿದೆವು, ಉಳಿದದ್ದನ್ನು ಬಡಿಸಿದೆವು. ಉಂಡವರಾರಿಗೂ ಏನೂ ಆಗಲಿಲ್ಲವೆಂಬುದು ನಿಜ. ಆದರೂ ಆ ಹನಿ ನಮ್ಮನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದಾಗ ಎದುರಾದ ಕೆಲವು ಸಂಗತಿಗಳನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

'ನಾವು' ಎಂದರೆ ಇದು ಸಂಪಾದಕೀಯದ 'ನಾವು' ಅಲ್ಲ. ಗಂಡಹೆಂಡಿರಿಬ್ಬರೂ ಕೂತು ಮಾತಾಡಿ, ನಡುನಡುವೆ ಜಗಳವಾಡಿ, ಒಬ್ಬರು ಹೇಳಿ ಒಬ್ಬರು ಬರೆದದ್ದು. ನಮ್ಮಲ್ಲೊಬ್ಬರು ಮಲೆನಾಡಿನವರು, ಇನ್ನೊಬ್ಬರು ಬಯಲುಸೀಮೆಯವರು. ಬಂದರಿನ ಕೆಲಸದ ನೆಪದಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡಿಗೆ ಬಂದು ನೆಲಸಿದವರು. ಮೂರು ಕಡೆ ಹಿನ್ನೀರು, ದೂರದಲ್ಲಿ ಹಡಗಿನ ಸಿಳ್ಳು, ಮಳೆ ಬಂದರೆ ಗೋಡೆಯೆಲ್ಲ ತೇವ. ಇಂಥ ಊರಿನಲ್ಲಿ ಎಣ್ಣೆಯ ಹೊಗೆ ಬೇಗ ಆರುವುದಿಲ್ಲ, ಬಟ್ಟೆಗೂ ಗೋಡೆಗೂ ಅಂಟಿಕೊಂಡು ಕೂರುತ್ತದೆ ಎಂಬುದನ್ನು ನಮ್ಮ ಹಾಗೆ ಕರಾವಳಿಗೆ ವಲಸೆ ಬಂದವರೆಲ್ಲರೂ ಬಲ್ಲರು. ಆ ಕಾರಣಕ್ಕೇ ನಾವು ಚಿಮಣಿ ಹಾಕಿಸಿದ್ದು.

ಚಿಮಣಿ ಎಂದಾಗ ನಮ್ಮ ಅತ್ತೆಯವರು ಮೊದಲು ಸೀಮೆಎಣ್ಣೆಯ ಬುಡ್ಡಿಯನ್ನೇ ನೆನೆದುಕೊಂಡರು. "ಕರೆಂಟು ಇರುವ ಮನೆಗೆ ಚಿಮಣಿ ಯಾಕೆ?" ಎಂದು ದೂರವಾಣಿಯಲ್ಲಿ ಕೇಳಿದರು. ಇದು ಹೊಗೆ ಹೀರುವ ಯಂತ್ರ ಎಂದು ತಿಳಿಸಿದ ಮೇಲೆ, "ಹೀರಿ ಎಲ್ಲಿಗೆ ಬಿಡುತ್ತದೆ?" ಎಂದರು. "ಹೊರಗೆ" ಎಂದೆವು. "ಹೊರಗೆ ಅಂದರೆ ಯಾರ ಮನೆಗೆ?" ಎಂದರು. ಹಳ್ಳಿಯವರ ಮುಗ್ಧ ಪ್ರಶ್ನೆ ಎಂದು ಆಗ ನಕ್ಕುಬಿಟ್ಟೆವು.

ಅತ್ತೆಯವರ ಅಡಿಗೆಮನೆಯನ್ನು ನೋಡಿದವರಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿದೀತು. ಅಲ್ಲಿ ಹೊಗೆ ಹೊರಗೆ ಹೋಗುತ್ತಿರಲಿಲ್ಲ. ಹೋದರೂ ಹೆಂಚಿನ ಸಂದಿಯಲ್ಲಿ ತನಗೆ ತೋಚಿದಂತೆ ಹೋಗುತ್ತಿತ್ತು. ಉಳಿದದ್ದು ಜಂತೆ, ತೊಲೆ, ಅಟ್ಟ, ಅಡಿಗೆ ಮಾಡುವವರ ಕಣ್ಣು, ಎದೆ, ಎಲ್ಲದರ ಮೇಲೂ ಕೂರುತ್ತಿತ್ತು. ಸೂರಿನಿಂದ ಇಲ್ಲಣ ಜೋಲುತ್ತಿತ್ತು. (ಪಟ್ಟಣದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಈ ಮಾತು ಗೊತ್ತಿಲ್ಲ. ಜೇಡರ ಬಲೆಗೆ ಹೊಗೆಯ ಮಸಿ ಹತ್ತಿ ಕಪ್ಪು ಎಳೆಗಳಾಗಿ ಸೂರಿನಿಂದ ತೂಗುವುದೇ ಇಲ್ಲಣ.) ವರ್ಷಕ್ಕೆರಡು ಬಾರಿ, ಗೌರಿಹಬ್ಬಕ್ಕೊಮ್ಮೆ ಯುಗಾದಿಗೊಮ್ಮೆ, ಬಿದಿರಗಳುವಿಗೆ ಪೊರಕೆ ಕಟ್ಟಿ ಇಲ್ಲಣ ತೆಗೆಯುವ ಸಂಭ್ರಮ. ತಲೆಗೆ ಹಳೆಯ ಸೀರೆ ಸುತ್ತಿಕೊಂಡು ಮನೆಯ ಹೆಂಗಸರೇ ಮಾಡುತ್ತಿದ್ದರು. ಆ ಹೊಗೆಯನ್ನು ಹೊಗಳುವ ಹುಚ್ಚು ನಮಗಿಲ್ಲ. ಊದುಕೊಳವೆ ಊದಿ ಊದಿ ಕಣ್ಣು ಕೆಟ್ಟವರನ್ನು, ಕೆಮ್ಮಿ ಕೆಮ್ಮಿ ಹೋದವರನ್ನು ನಮ್ಮಿಬ್ಬರ ಮನೆಗಳೂ ಕಂಡಿವೆ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಾವು ಹೇಳಬೇಕಾದದ್ದು ಬೇರೆ. ಆ ಅಡಿಗೆಮನೆಯಲ್ಲಿ ಕೊಳೆ ಕಣ್ಣಿಗೆ ಕಾಣುತ್ತಿತ್ತು, ಅದು ಯಾರದೆಂಬುದೂ ಕಾಣುತ್ತಿತ್ತು. ಮಾಡಿದ ಮನೆಯೇ ಅದನ್ನು ಉಸಿರಾಡುತ್ತಿತ್ತು, ಆ ಮನೆಯ ಹೆಂಗಸರೇ ಗುಡಿಸುತ್ತಿದ್ದರು. ಮನೆಯ ಗಂಡಸರು ಎಂದಾದರೂ ಇಲ್ಲಣ ತೆಗೆದದ್ದುಂಟೇ ಎಂದು ನಮ್ಮಲ್ಲೊಬ್ಬರು ಇಲ್ಲಿ ಸೇರಿಸಲು ಹೇಳಿದ್ದಾರೆ, ಸೇರಿಸಿದ್ದೇವೆ.

ಈಗಿನ ಯಂತ್ರದ ಜಾಣತನವಿರುವುದು ಕೊಳೆಯನ್ನು ಕಣ್ಣಿನ ಮಟ್ಟಕ್ಕಿಂತ ಒಂದು ಮೊಳ ಮೇಲಕ್ಕೆ ಎತ್ತಿಡುವುದರಲ್ಲಿ. ಬಾಣಲೆಯಿಂದ ಏಳುವುದು ಬರಿಯ ಹೊಗೆಯಲ್ಲ, ಎಣ್ಣೆಯ ಅತಿ ಸಣ್ಣ ತುಂತುರು. ಪಂಖ ಅದನ್ನು ಸೆಳೆಯುತ್ತದೆ. ದಾರಿಯಲ್ಲಿ ಲೋಹದ ಜಾಲರಿಯೋ ಮಡಿಸಿದ ತಗಡಿನ ಪಟ್ಟಿಗಳೋ ಅಡ್ಡ ಇರುತ್ತವೆ. ಗಾಳಿ ತಿರುಗಿಕೊಂಡು ಹೋಗಿಬಿಡುತ್ತದೆ. ಭಾರವಾದ ಎಣ್ಣೆಹನಿ ತಿರುಗಲಾರದೆ ತಗಡಿಗೆ ಬಡಿದು ಅಲ್ಲೇ ಅಂಟುತ್ತದೆ. ಅಂಟಿದ ಎಣ್ಣೆಯ ಸ್ವಭಾವವೂ ಒಂದೇ ಅಲ್ಲ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬಿಸಿಗೂ ಗಾಳಿಗೂ ಸಿಕ್ಕು ಕ್ರಮೇಣ ಹೆಪ್ಪುಗಟ್ಟಿ, ಮರಕ್ಕೆ ಹಚ್ಚಿದ ವಾರ್ನಿಷಿನಂತೆ ಹಳದಿಯ ಅಂಟಾಗುತ್ತವೆ. ಚಿತ್ರಕಾರರು ಬಣ್ಣ ಕಲಸುವ ಅಗಸೆ ಎಣ್ಣೆ ಒಣಗುವುದೂ ಇದೇ ರೀತಿ. ಕೊಬ್ಬರಿ ಎಣ್ಣೆಯ ಜಾತಿ ಬೇರೆ. ಅದು ಅಷ್ಟು ಸುಲಭವಾಗಿ ಅಂಟಾಗುವುದಿಲ್ಲ, ಬಿಸಿನೀರು ಕಂಡರೆ ಬಿಟ್ಟುಕೊಡುತ್ತದೆ. ಹಪ್ಪಳವನ್ನೂ ಪಳಂಪೊರಿಯನ್ನೂ ಕೊಬ್ಬರಿ ಎಣ್ಣೆಯಲ್ಲಿ ಕರಿಯುವ ಪಕ್ಕದ ಮಲಯಾಳಿ ಮನೆಯ ಚಿಮಣಿ ನಮ್ಮದಕ್ಕಿಂತ ಹಸನಾಗಿರುವುದಕ್ಕೆ ಅವರ ಶಿಸ್ತೇ ಕಾರಣವೆಂದು ಬಹುದಿನ ನಂಬಿ ನಾಚಿದ್ದೆವು. ಅರ್ಧ ಕಾರಣ ಎಣ್ಣೆಯದು.

ಕೋಸಂಬರಿಯ ಪ್ರಸಂಗ ನಡೆದ ಮಾರನೆಯ ದಿನವೇ ನಾವು ಎಚ್ಚೆತ್ತೆವು. ಎಚ್ಚೆತ್ತು ಏನು ಮಾಡಿದೆವು? ಚೇಚಿಗೆ ಹೇಳಿದೆವು.

ಚೇಚಿ ನಮ್ಮ ಮನೆಗೆಲಸಕ್ಕೆ ಬರುವಾಕೆ. ನಮಗಿಂತ ಹತ್ತು ವರ್ಷ ಹಿರಿಯರು. ತೋಪ್ಪುಂಪಡಿಯಿಂದ ಸೇತುವೆ ದಾಟಿ ಬೆಳಗ್ಗೆ ಏಳಕ್ಕೆ ಬರುತ್ತಾರೆ. ಹೆಸರು ಹಿಡಿದು ಕರೆದವರಲ್ಲ ನಾವು. ಅಕ್ಕ ಎಂಬ ಅರ್ಥದ ಆ ಮಾತನ್ನು ಬಾಯಿತುಂಬ ಹೇಳುತ್ತೇವೆ. ಚಿಮಣಿ ತೊಳೆಯುವುದಕ್ಕೆಂದು ತಿಂಗಳಿಗೆ ೩೦೦ ರೂಪಾಯಿ ಬೇರೆಯಾಗಿ ಕೊಡುವುದೆಂದು ಮಾತಾಯಿತು. ಆಕೆ ಸಂತೋಷದಿಂದಲೇ ಒಪ್ಪಿದರು. ಅಂಗಡಿಯಲ್ಲಿ ವಿಚಾರಿಸಿದಾಗ, "ಹಟ ಹಿಡಿದ ಜಿಡ್ಡಿಗೆ ಇದೇ ಮದ್ದು" ಎಂದು ಬಿಳಿಯ ಹರಳುಗಳ ಒಂದು ಪೊಟ್ಟಣ ಕೊಟ್ಟರು. ಕಾಸ್ಟಿಕ್ ಸೋಡಾ. ಹೆಸರು ಕೇಳಿದ್ದೆವು, ಗುಣ ವಿಚಾರಿಸಿರಲಿಲ್ಲ. ಪೊಟ್ಟಣವನ್ನು ಬಕೆಟ್ಟಿನ ಪಕ್ಕ ಇಟ್ಟು ನಾವಿಬ್ಬರೂ ಕೆಲಸಕ್ಕೆ ಹೊರಟೆವು.

ಸಂಜೆ ಬಂದಾಗ ಚಿಮಣಿ ಫಳಫಳ ಹೊಳೆಯುತ್ತಿತ್ತು. ಜಾಲರಿ ಮಾತ್ರ ಕಪ್ಪಗೆ ಮಂಕಾಗಿತ್ತು. ಅದು ಅಲ್ಯೂಮಿನಿಯಮ್ಮಿನದು, ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ಬುರುಗೆದ್ದು ಬಿಸಿಯಾಗಿ ಹೈಡ್ರೋಜನ್ ಅನಿಲ ಹೊರಡುತ್ತದೆ ಎಂಬುದೆಲ್ಲ ನಾವು ಆಮೇಲೆ ಓದಿ ತಿಳಿದ ಸಂಗತಿಗಳು. ಅಂದು ನಮಗೆ ಜಾಲರಿ ಕೆಟ್ಟಿತಲ್ಲ ಎಂದು ಬೇಸರವಾಯಿತು. ಮರುದಿನ ಚೇಚಿ ಬಂದರು, ಎಂದಿನಂತೆ ಪಾತ್ರೆ ತೊಳೆದರು. ಮೂರನೆಯ ದಿನ ಚಹಾ ಕೊಟ್ಟಾಗ ಲೋಟವನ್ನು ಬೆರಳುಗಳಲ್ಲಿ ಹಿಡಿಯದೆ ಎರಡು ಅಂಗೈಗಳ ನಡುವೆ ಇಟ್ಟುಕೊಂಡರು. ಆಗ ನೋಡಿದೆವು. ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರು. ಆ ಕೈಯಲ್ಲೇ ಎರಡು ದಿನ ನಮ್ಮ ಪಾತ್ರೆ ತೊಳೆದಿದ್ದರು. ಏನಾಯಿತೆಂದು ಕೇಳಿದರೆ, "ಸಾರಮಿಲ್ಲ" ಎಂದರು.

ಪರವಾಗಿಲ್ಲ, ದೊಡ್ಡ ಮಾತಲ್ಲ ಎಂಬುದಕ್ಕೆ ಮಲಯಾಳದಲ್ಲಿ ಹಾಗೆನ್ನುತ್ತಾರೆ. ಕೇರಳಕ್ಕೆ ಬಂದ ಯಾವ ಕನ್ನಡಿಗನೂ ಮೊದಲ ವಾರದಲ್ಲೇ ಕಲಿಯುವ ಮಾತು ಅದು. ನಮ್ಮ ಕಿವಿಗೆ ಅಂದು ಮಾತ್ರ ಅದು ಕನ್ನಡವಾಗಿ ಕೇಳಿಸಿತು. ಸಾರವಿಲ್ಲ.

ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು, ವಾಸಿಯಾಯಿತು. ವೈದ್ಯರು ಹೇಳಿದ ಒಂದು ಮಾತು ಉಳಿದುಕೊಂಡಿದೆ. ಕಾಸ್ಟಿಕ್ ಸೋಡಾ ಜಿಡ್ಡನ್ನು ತೆಗೆಯುವುದೆಂದರೆ ಅದನ್ನು ಸಾಬೂನಾಗಿ ಮಾರ್ಪಡಿಸುವುದು. ಕೊಬ್ಬು ಯಾರದೆಂದು ಅದು ಕೇಳುವುದಿಲ್ಲ. ಆ ನೀರಿನಲ್ಲಿ ಕೈ ಅದ್ದಿದವರಿಗೆ ಬೆರಳು ಜಾರುಜಾರಾಗಿ ಸಾಬೂನು ಮುಟ್ಟಿದಂತೆ ಅನ್ನಿಸುತ್ತದಂತೆ. ಬೆರಳಿನ ಚರ್ಮದ ಜಿಡ್ಡೇ ಸಾಬೂನಾಗುತ್ತಿರುವುದರಿಂದ ಹಾಗೆ. ಚೇಚಿ ಅದನ್ನು ನೆನೆಸಿಕೊಂಡು, "ಹೌದು, ಮೊದಮೊದಲು ಮೆತ್ತಗೆ ಹಾಯಾಗಿಯೇ ಇತ್ತು" ಎಂದರು.

ಇಲ್ಲಿಂದ ಮುಂದೆ ನಮ್ಮ 'ನಾವು' ಎರಡು ಪಕ್ಷವಾಯಿತು. ಒಂದು ಪಕ್ಷದ ವಾದ ಹೀಗಿತ್ತು. ಇದು ಕೈಗವುಸಿನ ಪ್ರಶ್ನೆ, ಅಷ್ಟೇ. ರಬ್ಬರಿನ ಕೈಗವುಸು ತಂದುಕೊಡಬೇಕಿತ್ತು, ಪೊಟ್ಟಣದ ಗುಣ ತಿಳಿಯಬೇಕಿತ್ತು. ಅಜಾಗರೂಕತೆ ಆಯಿತು, ತಿದ್ದಿಕೊಳ್ಳೋಣ. ಅದನ್ನು ಬಿಟ್ಟು ಸಂಬಳ ಕೊಟ್ಟು ಕೆಲಸ ಮಾಡಿಸುವುದೇ ಪಾಪವೆಂದರೆ, ಲೋಕದಲ್ಲಿ ಯಾರೂ ಯಾರಿಗೂ ಕ್ಷೌರ ಮಾಡಬಾರದು, ಬಟ್ಟೆ ಒಗೆಯಬಾರದು, ರೋಗಿಯ ಗಾಯ ತೊಳೆಯಬಾರದು. ಇನ್ನೊಂದು ಪಕ್ಷ ಇಷ್ಟನ್ನೆಲ್ಲ ಒಪ್ಪಿಯೂ ಸುಮ್ಮನಾಗಲಿಲ್ಲ. ಪೊಟ್ಟಣದಲ್ಲಿ ಏನಿದೆಯೆಂದು ನಾವು ಯಾಕೆ ನೋಡಲಿಲ್ಲ? ನಮ್ಮ ಕೈ ಅದರಲ್ಲಿ ಇಳಿಯುವುದಿಲ್ಲವೆಂದು ಗೊತ್ತಿದ್ದುದರಿಂದ ಅಲ್ಲವೇ? ನಮ್ಮ ಮಗುವಿನ ಜ್ವರಕ್ಕೆ ತಂದ ಸೀಸೆಯ ಚೀಟಿಯನ್ನು ಮೂರು ಸಲ ಓದುವವರು, ಈ ಪೊಟ್ಟಣವನ್ನು ಒಂದು ಸಲವೂ ಓದಲಿಲ್ಲ. ಇದಕ್ಕೆ ಮರೆವು ಎಂದು ಹೆಸರಿಡಬಹುದೇ?

ಉತ್ತರ ಹೊಳೆಯದೆ ಇದ್ದಾಗ ಲೋಕದ ಕಥೆಗಳತ್ತ ತಿರುಗುವುದು ನಮ್ಮ ಹಳೆಯ ಚಾಳಿ. ಚಿಮಣಿಯ ಕಥೆಯೆಂದರೆ ಇಂಗ್ಲೆಂಡಿನ ಹುಡುಗರ ಕಥೆಯೇ. ಲಂಡನ್ನಿನ ಮನೆಗಳಲ್ಲಿ ಕಲ್ಲಿದ್ದಲು ಉರಿಸಿ ಚಳಿ ಕಾಯಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಇಕ್ಕಟ್ಟಾದ ಹೊಗೆಗೂಡುಗಳೊಳಗೆ ಮಸಿ ಕೆರೆಯಲು ಐದಾರು ವರ್ಷದ ಬಡ ಹುಡುಗರನ್ನು ಹತ್ತಿಸುತ್ತಿದ್ದರು. ಕೆಲವರು ಒಳಗೇ ಸಿಕ್ಕಿಕೊಂಡು ಸತ್ತರು. ಆ ಹುಡುಗರು ಬೆಳೆದ ಮೇಲೆ ಅವರ ಅಂಡಕೋಶದ ಚರ್ಮಕ್ಕೆ ಬರುತ್ತಿದ್ದ ಕ್ಯಾನ್ಸರಿಗೆ ಮಡಿಕೆಗಳಲ್ಲಿ ಕೂತ ಮಸಿಯೇ ಕಾರಣವೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ ೧೭೭೫ರಲ್ಲಿ ಬರೆದ. ಕಸುಬಿನಿಂದ ಕ್ಯಾನ್ಸರ್ ಬರುತ್ತದೆಂದು ವೈದ್ಯಶಾಸ್ತ್ರ ಮೊದಲು ಗುರುತಿಸಿದ್ದು ಆಗ. ೧೭೮೮ರಲ್ಲಿ ಒಂದು ಕಾಯಿದೆ ಬಂತು. ೧೮೦೩ರ ಹೊತ್ತಿಗೆ ಜಾರ್ಜ್ ಸ್ಮಾರ್ಟ್ ಎಂಬಾತ ಉದ್ದನೆಯ ಕೋಲುಗಳನ್ನು ಒಂದಕ್ಕೊಂದು ಜೋಡಿಸಿ ತುದಿಗೆ ಕುಂಚ ಕಟ್ಟಿದ ಸಾಧನ ಮಾಡಿಯೂ ಆಗಿತ್ತು. ಹುಡುಗರ ಅಗತ್ಯವೇ ಇರಲಿಲ್ಲ. ೧೮೪೦ರ ಕಾಯಿದೆ ೨೧ ವರ್ಷದೊಳಗಿನವರನ್ನು ಹತ್ತಿಸಕೂಡದೆಂದಿತು. ಆದರೂ ಹುಡುಗರು ಹತ್ತುತ್ತಲೇ ಇದ್ದರು. ಕಾರಣ ಮನೆಯ ಯಜಮಾನಿಯರು, ಯಜಮಾನರು. ಕುಂಚದಿಂದ ಮಸಿ ಹಾರಿ ಹಾಸುಗಂಬಳಿ ಕೆಡುತ್ತದೆ, ಹುಡುಗ ಹತ್ತಿದರೆ ಚೊಕ್ಕಟವಾಗಿ ಆಗುತ್ತದೆ ಎಂದು ಅವರ ಹಟ. ಕಸುಬಿನವರು ಪೊಲೀಸರಿಂದ ಪರವಾನಗಿ ಪಡೆಯಲೇಬೇಕೆಂದು ೧೮೭೫ರಲ್ಲಿ ಕಾಯಿದೆಯಾದ ಮೇಲಷ್ಟೆ ಅದು ನಿಂತದ್ದು. ವೈದ್ಯ ಹೇಳಿದ ಮೇಲೂ ನೂರು ವರ್ಷ ಹಿಡಿಯಿತು. ಆ ಯಜಮಾನಿಯರು ಕೆಟ್ಟವರಾಗಿದ್ದರೆಂದು ನಮಗೆ ತೋರುವುದಿಲ್ಲ. ಅವರಿಗೂ ಮಕ್ಕಳಿದ್ದರು, ಭಾನುವಾರ ದೇವರ ಮನೆಗೆ ಹೋಗುತ್ತಿದ್ದರು. ಹಾಸುಗಂಬಳಿ ಕಣ್ಣೆದುರಿಗಿತ್ತು, ಹುಡುಗ ಗೂಡಿನೊಳಗಿದ್ದ. ಜಾಲರಿ ಕಪ್ಪಾಯಿತಲ್ಲ ಎಂದು ಅಂದು ಸಂಜೆ ನಾವು ಬೇಸರಪಟ್ಟದ್ದು ಈ ಕಥೆ ಓದುವಾಗ ನೆನಪಾಗಿ ಪುಸ್ತಕ ಮುಚ್ಚಿಟ್ಟೆವು.

ಹಾಗಾದರೆ ತಮ್ಮ ಕೊಳೆಯನ್ನು ತಾವೇ ತೆಗೆಯಬೇಕು ಎಂದುಬಿಟ್ಟರೆ ಮುಗಿಯಿತೇ? ಗಾಂಧೀಜಿಯವರು ಹಾಗೆಂದವರು, ಹಾಗೆ ನಡೆದವರು. ೧೯೦೧ರ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ನಾರುತ್ತಿದ್ದ ಪಾಯಿಖಾನೆಯನ್ನು ತಾವೇ ಪೊರಕೆ ತಂದು ತೊಳೆದುಕೊಂಡರು. ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಕ್ಕೆ ತಂದ ಅವರ ಆತ್ಮಕಥೆಯನ್ನು ಓದಿದವರಿಗೆ ಅದಕ್ಕೂ ಹಿಂದಿನ ಡರ್ಬಾನಿನ ಪ್ರಸಂಗ ಮರೆತಿರಲಾರದು. ೧೮೯೮ರ ಮಾತು. ಮನೆಯಲ್ಲಿ ಉಳಿದುಕೊಂಡಿದ್ದ ಗುಮಾಸ್ತರ ಮೂತ್ರದ ಪಾತ್ರೆಗಳನ್ನು ಮನೆಯವರೇ ತೆಗೆಯಬೇಕೆಂದು ಅವರ ನಿಯಮ. ಪಂಚಮ ಕುಲದಲ್ಲಿ ಹುಟ್ಟಿದ ಒಬ್ಬ ಗುಮಾಸ್ತನ ಪಾತ್ರೆಯನ್ನು ಕಸ್ತೂರಬಾ ಕಣ್ಣೀರು ಸುರಿಸುತ್ತ ಹೊತ್ತು ಮೆಟ್ಟಲಿಳಿದರು. ಹೊತ್ತದ್ದು ಗಂಡನಿಗೆ ಸಾಲದು, ಸಂತೋಷದಿಂದ ಹೊರಬೇಕು. ಮಾತು ಬೆಳೆದು, ಕೈಹಿಡಿದು ಬಾಗಿಲಿನತನಕ ಎಳೆದುಕೊಂಡು ಹೋದದ್ದನ್ನು ಮುಂದೆ ಅವರೇ ನಾಚಿಕೆಯಿಂದ ಬರೆದರು. ಜಾತಿಯ ಕಟ್ಟು ಮುರಿಯಬೇಕೆಂಬ ಅವರ ಹಟ ಸರಿಯಾದುದೇ. ಆದರೂ ಈ ಪ್ರಸಂಗದಿಂದ ನಮಗೆ ತಾಕಿದ್ದು ಬೇರೊಂದು ಎಳೆ. ಕೊಳೆ ತೆಗೆಯುವವರ ಕೈಯಷ್ಟೇ ಅಲ್ಲ, ಅವರ ನಗೆಮುಖವೂ ನಮಗೆ ಬೇಕು. ಚೇಚಿ "ಸಂತೋಷದಿಂದಲೇ ಒಪ್ಪಿದರು" ಎಂದು ನಾವು ಮೇಲೆ ಬರೆದಿದ್ದೇವಲ್ಲ, ಅದನ್ನು ಹೊಡೆದುಹಾಕಬೇಕೆಂದು ನಮ್ಮಲ್ಲೊಬ್ಬರು ಹೇಳಿದರು. ಇನ್ನೊಬ್ಬರು, ಇರಲಿ, ಅಂದು ನಾವು ಹಾಗೆ ತಿಳಿದಿದ್ದೆವೆಂಬುದೂ ದಾಖಲಾಗಲಿ ಎಂದರು.

ಬಂದರಿನ ನೆರೆಯಲ್ಲಿ ಇರುವುದರಿಂದ ನಮಗೊಂದು ಅನುಕೂಲ. ಹಡಗಿನವರ ಸಹವಾಸ ಸಿಗುತ್ತದೆ. ಹಡಗುಗಳ ಎಂಜಿನಿಯರಾಗಿದ್ದ ಹಿರಿಯರೊಬ್ಬರ ಮುಂದೆ ಈ ಚರ್ಚೆ ಬಂದಾಗ ಅವರು ನಕ್ಕು, ಹಡಗಿನಲ್ಲಿ ಈ ಪ್ರಶ್ನೆಗೆ ಎಂದೋ ಉತ್ತರ ಬರೆದಿಟ್ಟಾಗಿದೆ ಎಂದರು. ಟೈಟಾನಿಕ್ ೧೯೧೨ರಲ್ಲಿ ಮುಳುಗಿದ ಮೇಲೆ ದೇಶಗಳೆಲ್ಲ ಸೇರಿ ಸಮುದ್ರದಲ್ಲಿ ಜೀವರಕ್ಷಣೆಗೆಂದು ೧೯೧೪ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಈಗ ನಡೆಯುತ್ತಿರುವುದು ಅದರ ೧೯೭೪ರ ರೂಪ, ಸೋಲಾಸ್ ಎಂದು ಅದರ ಹೆಸರು. ಅಡಿಗೆಕೋಣೆಯ ಹೊಗೆಯ ಕೊಳವೆ ಜನ ವಾಸಿಸುವ ಭಾಗದ ಮೂಲಕವೋ ಉರಿಯುವ ವಸ್ತುಗಳಿರುವ ಜಾಗದ ಮೂಲಕವೋ ಹಾದುಹೋಗುವುದಾದರೆ ಅದರಲ್ಲಿ ಜಿಡ್ಡು ಹಿಡಿಯುವ ಬಲೆ ಇರಲೇಬೇಕು, ಆ ಬಲೆ ಸುಲಭವಾಗಿ ಬಿಚ್ಚಿ ತೊಳೆಯಲು ಬರುವಂತಿರಬೇಕು, ಕೊಳವೆಯಲ್ಲಿ ಬೆಂಕಿ ತಡೆಯುವ ಕದವಿರಬೇಕು ಎಂದು ಅದರಲ್ಲಿದೆ. ಕೊಳವೆಯ ಜಿಡ್ಡಿಗೆ ಒಮ್ಮೆ ಕಿಡಿ ತಗುಲಿದರೆ ಬೆಂಕಿ ಕೊಳವೆ ಹಿಡಿದು ಮೇಲಕ್ಕೋಡುತ್ತದೆ. ನಡುಸಮುದ್ರದಲ್ಲಿ ಓಡಿಹೋಗಲು ಜಾಗವಿಲ್ಲ. "ನಿಮ್ಮ ಮನೆಯಲ್ಲಿ ಜಿಡ್ಡು ಬೇರೆಯವರ ಕೆಲಸ. ಹಡಗಿನಲ್ಲಿ ಅಡಿಗೆಯವನ ಜಿಡ್ಡೇ ಕ್ಯಾಪ್ಟನ್ನನ ಜಿಡ್ಡು" ಎಂದರು ಆ ಹಿರಿಯರು. ಸುಲಭವಾಗಿ ಬಿಚ್ಚಿ ತೊಳೆಯಲು ಬರುವಂತಿರಬೇಕು ಎಂಬ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ತೊಳೆಯುವ ಕೈಯೊಂದಿದೆ ಎಂಬುದನ್ನು ನಕ್ಷೆ ಬರೆಯುವಾಗಲೇ ನೆನೆದುಕೊಂಡ ಮಾತು ಅದು. ನಾವು ಅಂಗಡಿಯಲ್ಲಿ ಚಿಮಣಿ ಆರಿಸುವಾಗ ಬಣ್ಣ ನೋಡಿದ್ದೆವು, ಸದ್ದು ಕೇಳಿದ್ದೆವು. ಬಿಚ್ಚಿ ನೋಡಿರಲಿಲ್ಲ.

ಮನೆಗೆ ಬಂದು ಏಣಿ ಹಾಕಿ ಹೊರಗಡೆಯ ಕೊಳವೆಯ ಬಾಯಿ ಎಲ್ಲಿದೆಯೆಂದು ನೋಡಿದೆವು. ಹಾಕಿಸಿದಂದಿನಿಂದ ಅದನ್ನು ನೋಡಿದ್ದು ಅದೇ ಮೊದಲು. ಅದು ಮೇಲಂತಸ್ತಿನವರ ಬಟ್ಟೆ ಒಣಗಿಸುವ ಹಗ್ಗಕ್ಕೆ ಸರಿಯಾಗಿ ಎರಡು ಗೇಣು ಕೆಳಗಿತ್ತು. ಗೋಡೆಯ ಮೇಲೆ ಕಂದುಬಣ್ಣದ ಒಂದು ನಾಲಗೆ ಮೇಲಕ್ಕೆ ಚಾಚಿಕೊಂಡಿತ್ತು. ಹೆಚ್ಚು ಕಾವಿನಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ಸಂಗತಿಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೬ರಲ್ಲೇ ಸೇರಿಸಿದೆ. ಅದನ್ನು ಓದಿದ್ದರಿಂದಲೇ ನಾವು ಚಿಮಣಿ ಹಾಕಿಸಿದ್ದೆವು. "ಯಾರ ಮನೆಗೆ?" ಎಂದು ಅತ್ತೆಯವರು ಕೇಳಿದ್ದು ಇದನ್ನೇ. ಮೇಲಿನ ಮನೆಯವರು ಎರಡು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ. ಕೊಳವೆಯ ಬಾಯಿ ತಿರುಗಿಸಿ, ಅವರ ಬಳಿ ಹೋಗಿ ವಿಷಯ ಹೇಳಿದಾಗ ಅವರು ಅಂದದ್ದೂ "ಸಾರಮಿಲ್ಲ" ಎಂದೇ.

ನಾವು ನಿಂತಿರುವ ಈ ನೆಲದ ಕಥೆಯನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ೧೯೨೦ರಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಕೊಚ್ಚಿಗೆ ಬಂದಾಗ ಇಲ್ಲಿ ಇದ್ದದ್ದು ವೆಂಡುರುತ್ತಿ ಎಂಬ ಚಿಕ್ಕ ದ್ವೀಪ. ಸಮುದ್ರದ ಬಾಯಿಗೆ ಅಡ್ಡವಾಗಿದ್ದ ಮರಳದಿಬ್ಬವನ್ನು ಕಡಿದು, ಹಿನ್ನೀರಿನ ತಳ ತೋಡಿ ಆಳ ಮಾಡಿದರು. ೧೯೨೮ರಲ್ಲಿ 'ಪದ್ಮಾ' ಎಂಬ ಹಡಗು ಒಳಬಂದರಿಗೆ ಬಂತು. ತೋಡಿ ತೆಗೆದ ಹೂಳನ್ನು ಸುರಿದು ಸುರಿದು ಎಬ್ಬಿಸಿದ ನೆಲವೇ ವಿಲ್ಲಿಂಗ್ಡನ್ ಐಲ್ಯಾಂಡ್. ಅಂದರೆ ನಾವು ಅಡಿಗೆ ಮಾಡುತ್ತಿರುವುದು ಯಾರೋ ಹೊತ್ತು ತಂದು ಹಾಕಿದ ಕೆಸರಿನ ಮೇಲೆ. ದ್ವೀಪಕ್ಕೆ ವೈಸರಾಯರ ಹೆಸರಿಟ್ಟರು. ಕೆಸರು ಎತ್ತಿದವರ ಹೆಸರಿನ ಒಂದು ಬೀದಿಯೂ ನಮಗೆ ಇಲ್ಲಿ ಕಂಡಿಲ್ಲ. ತೋಡುವುದು ಆಗಲೇ ಮುಗಿದುಹೋದ ಕೆಲಸವೂ ಅಲ್ಲ. ಪ್ರತಿ ಮಳೆಗಾಲ ನದಿಗಳೂ ಕಡಲೂ ಹೂಳು ತಂದು ಹಾಕುತ್ತವೆ; ಹೂಳೆತ್ತುವ ಹಡಗು ಪ್ರತಿವರ್ಷ ಬಂದು ಎತ್ತುತ್ತದೆ. ಒಂದು ವರ್ಷ ಎತ್ತದಿದ್ದರೆ ದೊಡ್ಡ ಹಡಗುಗಳಿಗೆ ದಾರಿ ಕಷ್ಟ. ನಮ್ಮ ಮನೆಯ ಮುಂದಿನ ರಸ್ತೆಯ ತುದಿಯಿಂದ ಆ ಹಡಗು ಕಾಣುತ್ತದೆ. ಇಷ್ಟು ವರ್ಷ ಅದನ್ನು ನೋಡಿಯೂ ಅದೇನು ಮಾಡುತ್ತಿದೆಯೆಂದು ಯೋಚಿಸಿರಲಿಲ್ಲ.

ಇಷ್ಟೆಲ್ಲ ಓದಿ ಕೇಳಿ, ನಾವು ಒಂದು ನಿರ್ಧಾರಕ್ಕೆ ಬಂದೆವು. ಇನ್ನು ಮೇಲೆ ಚಿಮಣಿಯನ್ನು ನಾವೇ ತೊಳೆಯುವುದು. ಹದಿನೈದು ದಿನಕ್ಕೊಮ್ಮೆ, ಭಾನುವಾರ. ಕಾಸ್ಟಿಕ್ ಸೋಡಾ ಮನೆಯಿಂದಾಚೆ. ಸ್ಟೀಲಿನ ಪಟ್ಟಿಗಳಿರುವ ಬೇರೆ ಚಿಮಣಿ ತಂದೆವು. ಈ ಸಲ ಅಂಗಡಿಯಲ್ಲೇ ನಾಲ್ಕು ಬಾರಿ ಬಿಚ್ಚಿ ಹಾಕಿ ನೋಡಿದ್ದರಿಂದ ಅಂಗಡಿಯ ಹುಡುಗ ನಮ್ಮನ್ನು ಬೇರೆ ಕಂಪನಿಯ ಗೂಢಚಾರರೆಂದು ತಿಳಿದಿರಬೇಕು. ಕೈಗವುಸು ತಂದೆವು. ಈ ಸಂಗತಿಯನ್ನು ಚೇಚಿಗೆ ಸ್ವಲ್ಪ ಹೆಮ್ಮೆಯಿಂದಲೇ ತಿಳಿಸಿದೆವು. ಇನ್ನು ನಿಮಗೆ ಆ ಕಷ್ಟವಿಲ್ಲ ಎಂದೆವು.

ಚೇಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಾಗಾದರೆ ಆ ಮುನ್ನೂರು?"

ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಆ ದುಡ್ಡು ಒಂದು ಚೀಟಿಗೆ ಹೋಗುತ್ತಿತ್ತೆಂದು ಆಗ ತಿಳಿಯಿತು. ನಮ್ಮ ಮನಸ್ಸಿನ ಕೊಳೆ ತೊಳೆದುಕೊಳ್ಳುವ ಸಡಗರದಲ್ಲಿ ಅದರ ಖರ್ಚನ್ನು ಆಕೆಯ ಸೆರಗಿಗೇ ಕಟ್ಟಿದ್ದೆವು. ಬೆರಳು ಸುಟ್ಟದ್ದು ತಿಳಿಯದೆ ಮಾಡಿದ್ದು. ಇದು ತಿಳಿದವರಾಗಿ ಮಾಡಿದ್ದು. ಕೆಲಸ ಬೇಡ, ದುಡ್ಡು ಮೊದಲಿನಂತೆ ಕೊಡುತ್ತೇವೆ ಎಂದೆವು. ಆಕೆಗೆ ಅದು ಹಿಡಿಸಲಿಲ್ಲ. ಕೆಲಸ ಮಾಡದೆ ದುಡ್ಡು ತೆಗೆದುಕೊಳ್ಳುವುದು ತನ್ನ ಮನೆಯಲ್ಲಿ ಇಲ್ಲ ಎಂದರು. ಅದನ್ನು ಹೇಳುವಾಗ ಮುಖದಲ್ಲಿ ನಗು ಇರಲಿಲ್ಲ. ಆಕೆ ನಮ್ಮ ಮನೆಗೆ ಬರುತ್ತಿದ್ದ ಆರು ವರ್ಷಗಳಲ್ಲಿ ನಗುವಿಲ್ಲದ ಆ ಮುಖವನ್ನು ನಾವು ನೋಡಿದ್ದು ಅಂದೇ ಮೊದಲೆಂದು ತೋರುತ್ತದೆ.

ಮೂರು ದಿನ ಮನೆಯಲ್ಲಿ ವಾದ ನಡೆಯಿತು. ಕೈಗವುಸಿನ ಪಕ್ಷ, ನೋಡಿ, ನಾನು ಮೊದಲೇ ಹೇಳಿದ್ದೆ ಎಂದಿತು. ಇನ್ನೊಂದು ಪಕ್ಷಕ್ಕೆ ಎದುರುತ್ತರ ಇರಲಿಲ್ಲ, ಆದರೂ ಸೋಲೊಪ್ಪಲಿಲ್ಲ. ಚಿಮಣಿ ಮತ್ತೆ ಚೇಚಿಗೇ ಬಿಟ್ಟು ಕೈಗವುಸು ಕೊಟ್ಟು ಹೊರಟುಹೋಗುವುದಕ್ಕೆ ಈಗ ಇಬ್ಬರಿಗೂ ಮನಸ್ಸಿರಲಿಲ್ಲ. ಕಡೆಗೆ ದಾರಿ ಹೇಳಿದ್ದು ಚೇಚಿಯೇ. ನಿಮಗೆ ತೊಳೆಯಲು ಬರುವುದಿಲ್ಲ, ನನಗೆ ಸ್ಟೂಲು ಹತ್ತಿದರೆ ತಲೆ ಸುತ್ತುತ್ತದೆ ಎಂದರು. ಹಿಂದೆ ಅಷ್ಟು ತಿಂಗಳು ಸ್ಟೂಲಿನ ಮೇಲೆ ನಿಂತು ಒರೆಸುವಾಗಲೂ ತಲೆ ಸುತ್ತುತ್ತಿತ್ತೇ ಎಂದು ಕೇಳಿದೆವು. ಸುತ್ತುತ್ತಿತ್ತು ಎಂದರು.

ಈಗ ನಡೆದಿರುವ ಏರ್ಪಾಡು ಹೀಗಿದೆ. ಭಾನುವಾರದ ಬದಲು ಶನಿವಾರ ಮಧ್ಯಾಹ್ನ, ಚೇಚಿಗೆ ಅನುಕೂಲವಾಗುವ ಹೊತ್ತು. ನಮ್ಮಲ್ಲೊಬ್ಬರು ಸ್ಟೂಲು ಹತ್ತಿ ಪಟ್ಟಿಗಳನ್ನು ಬಿಚ್ಚಿ ಕೆಳಗೆ ಕೊಡುವುದು, ಒಳಗಿನ ಗೋಡೆ ಒರೆಸುವುದು. ಇನ್ನೊಬ್ಬರೂ ಚೇಚಿಯೂ ಹಿತ್ತಲ ನಲ್ಲಿಯ ಬಳಿ ಕೂತು ಪಟ್ಟಿಗಳನ್ನು ತೊಳೆಯುವುದು. ಮೊದಲು ಹಳೆಯ ಪತ್ರಿಕೆಯಿಂದ ಒಣಗಿದ್ದಾಗಲೇ ಒ‌ರೆಸಿ ತೆಗೆಯಬೇಕೆಂಬುದು ಚೇಚಿ ಕಲಿಸಿದ ವಿದ್ಯೆ. ನೀರು ಬಿದ್ದ ಮೇಲೆ ಜಿಡ್ಡು ಹರಡುತ್ತದೆ. (ಪತ್ರಿಕೆ ಎಂದರೆ ದಿನಪತ್ರಿಕೆ. ಸಂಘದ ಮಾಸಪತ್ರಿಕೆಗಳನ್ನು ಜೋಡಿಸಿಟ್ಟಿದ್ದೇವೆ, ಸಂಪಾದಕರು ನಿಶ್ಚಿಂತೆಯಿಂದಿರಬಹುದು.) ಆಮೇಲೆ ಕುದಿನೀರಿಗೆ ಎರಡು ಹಿಡಿ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ತೆಂಗಿನ ನಾರಿನಲ್ಲಿ ತಿಕ್ಕಿದರೆ ಸ್ಟೀಲಿನ ಪಟ್ಟಿ ಹಸನಾಗುತ್ತದೆ. ಕಡೆಯಲ್ಲಿ ಸೀಗೆಪುಡಿ ನಮ್ಮ ಕಡೆಯ ಸೇರ್ಪಡೆ. ಚೇಚಿ ಅದನ್ನು ಒಪ್ಪಿದ್ದಾರೆ. ಮುನ್ನೂರು ಮುನ್ನೂರಾಗಿಯೇ ಉಳಿದಿಲ್ಲ, ಸ್ವಲ್ಪ ಏರಿದೆ. ಇದು ನ್ಯಾಯವೋ, ಅರ್ಧ ನ್ಯಾಯವೋ, ಬರಿಯ ಸಮಾಧಾನವೋ, ಆ ವಾದ ಇನ್ನೂ ಮುಗಿದಿಲ್ಲ. ಅಂಬೊಡೆ ಮಾತ್ರ ಮನೆಯಲ್ಲಿ ಮೊದಲಿಗಿಂತ ಕಡಿಮೆಯಾಗಿದೆ. ಪ್ರತಿಯೊಂದು ಅಂಬೊಡೆಯೂ ಶನಿವಾರದ ಲೆಕ್ಕಕ್ಕೆ ಸೇರುವುದೆಂದು ಈಗ ಗೊತ್ತಿರುವುದರಿಂದ ಬಾಣಲೆ ಇಡುವ ಮುಂಚೆ ಒಂದು ಗಳಿಗೆ ಯೋಚನೆ ಬರುತ್ತದೆ.

ಕಳೆದ ಶನಿವಾರ ಸ್ಟೂಲಿನ ಮೇಲೆ ನಿಂತು, ಕತ್ತು ಮೇಲೆ ಮಾಡಿ, ಮೊಣಕೈಯಿಂದ ಜಿಡ್ಡುನೀರು ಇಳಿಯುತ್ತಿರಲು, ಒಳಗಿನ ಗೋಡೆಯನ್ನು ತಕ್ಕಮಟ್ಟಿಗೆ ಒರೆಸಿ ಇನ್ನೇನು ಇಳಿಯಬೇಕೆನ್ನುವಾಗ ಚೇಚಿ ಬಾಗಿಲಲ್ಲಿ ಬಂದು ನಿಂತರು. ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು. "ಸಾರಮಿಲ್ಲ ಚೇಚಿ, ಇಷ್ಟು ಸಾಕು" ಎಂದೆವು. ಆಕೆ ತಲೆಯಾಡಿಸಿ, ಒಣಬಟ್ಟೆಯೊಂದನ್ನು ಮೇಲಕ್ಕೆ ನೀಡಿ, ಎಡಗಡೆಯ ಮೂಲೆಯತ್ತ ಬೆರಳು ತೋರಿಸಿದರು.